ಹದಿನಾಲ್ಕು ಕಿಲೋಬೈಟಿನ ಅಂಗಡಿ

ಬೆಂಗಳೂರು–ಮೈಸೂರು ನಡುವಿನ ಹಳೆಯ ಹೆದ್ದಾರಿ ಚನ್ನಪಟ್ಟಣದ ಪೇಟೆಯೊಳಗೇ ಹಾದುಹೋಗುತ್ತದೆ. ರಸ್ತೆಬದಿಯಲ್ಲಿ ಬಣ್ಣದ ಬೊಂಬೆಗಳನ್ನು ಸಾಲಾಗಿ ಜೋಡಿಸಿಟ್ಟ ಅಂಗಡಿಗಳಿಗೆ ಆಗ ಬೇರೆ ಜಾಹೀರಾತು ಬೇಕಿರಲಿಲ್ಲ. ಕಾರಿನ ಕಿಟಕಿಯಿಂದ ಮಕ್ಕಳ ಕಣ್ಣಿಗೆ ಬಿದ್ದರೆ ಸಾಕಿತ್ತು. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ದಶಪಥ ಹೆದ್ದಾರಿ ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯಗಳನ್ನು ಬೈಪಾಸ್ ಮೂಲಕ ಹೊರಗಿಟ್ಟೇ ಸಾಗುತ್ತದೆ. ಆ ದಾರಿ ಹಿಡಿದವರ ಕಣ್ಣಿಗೆ ಪೇಟೆಯೇ ಕಾಣುವುದಿಲ್ಲ, ಬೊಂಬೆ ಎಲ್ಲಿಂದ ಕಂಡೀತು? ಕಂಡು ಬರುತ್ತಿದ್ದ ಗಿರಾಕಿ ಈಗ ಹುಡುಕಿ ಬರಬೇಕು, ಹುಡುಕುವುದು ಮೊಬೈಲಿನಲ್ಲಿ. ಇಂಥ ಅಂಗಡಿಗೆ ಒಂದು ಜಾಲತಾಣ ಬೇಕೆಂಬುದನ್ನು ಹೆಚ್ಚಿನವರು ಒಪ್ಪುತ್ತಾರೆ. ಎಂಥದ್ದು ಬೇಕು ಎಂಬಲ್ಲಿ ಮಾತ್ರ ದಾರಿ ತಪ್ಪುತ್ತದೆ. ಸರಿದಾಡುವ ಚಿತ್ರಗಳು, ಹಿನ್ನೆಲೆಯಲ್ಲಿ ಓಡುವ ವಿಡಿಯೊ, ಮೂಲೆಯಿಂದ ಎದ್ದುಬರುವ ಮಾತುಕತೆಯ ಪೆಟ್ಟಿಗೆ, ಇವೆಲ್ಲ ಸೇರಿದ ‘ಪ್ಯಾಕೇಜ್’ ಅಂಗಡಿಯವರ ಕೈಸೇರುತ್ತದೆ. ಸಣ್ಣ ವ್ಯಾಪಾರದ ಜಾಲತಾಣ ಮೂಲತಃ ಗಿರಾಕಿಯ ಪ್ರಶ್ನೆಗಳಿಗೆ ಬರೆದಿಟ್ಟ ಉತ್ತರ. ಆ ಉತ್ತರ ಅಕ್ಷರದ ರೂಪದಲ್ಲಿದ್ದು ಮೊದಲ ಹದಿನಾಲ್ಕು ಕಿಲೋಬೈಟಿನೊಳಗೆ ಹಿಡಿಸಿದರೆ ಕೆಲಸ ಮುಕ್ಕಾಲು ಮುಗಿಯಿತು. ಉಳಿದದ್ದು ಇದ್ದರೂ ಸರಿ, ಇಲ್ಲದಿದ್ದರೂ ಸರಿ ಎಂಬುದು ನನ್ನ ವಾದ.

ಈ ಹದಿನಾಲ್ಕು ಬಂದದ್ದು ಅಂತರಜಾಲದ ಕಟ್ಟುಪಾಡಿನಿಂದ. ಗಿರಾಕಿ ತಾಣದ ಹೆಸರನ್ನು ಒತ್ತಿದೊಡನೆ ಪುಟ ಹರಿದುಬರುವುದಿಲ್ಲ. ಮೊದಲು ಡಿಎನ್‌ಎಸ್ ಎಂಬ ವ್ಯವಸ್ಥೆ ಆ ಹೆಸರಿಗೆ ಯಾವ ಅಂಕಿ ವಿಳಾಸ ಎಂದು ಹುಡುಕಿಕೊಡಬೇಕು. ಆಮೇಲೆ ಮೊಬೈಲೂ ದೂರದ ಸರ್ವರೂ ಪರಸ್ಪರ ಗುರುತು ಹೇಳಿಕೊಳ್ಳಲು ಒಂದು ಸುತ್ತು, ಸಂಭಾಷಣೆಗೆ ಗುಪ್ತಲಿಪಿ ಗೊತ್ತುಮಾಡಿಕೊಳ್ಳಲು ಇನ್ನೊಂದು ಸುತ್ತು, ‘ಪುಟ ಕೊಡು’ ಎಂದು ಕೇಳಿ ಪಡೆಯಲು ಮತ್ತೊಂದು. ಬೆಳಕು ಗಾಜಿನೆಳೆಯೊಳಗೆ ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಸಾಗುತ್ತದೆ, ಅದಕ್ಕಿಂತ ಹೆಚ್ಚಿಲ್ಲ. ಸರ್ವರು ಅಮೆರಿಕದ ಪೂರ್ವ ತೀರದಲ್ಲಿದ್ದರೆ ಇಲ್ಲಿಂದ ಹದಿಮೂರು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ; ಹೋಗಿಬರುವ ಒಂದೊಂದು ಸುತ್ತಿಗೂ ಕನಿಷ್ಠ 130 ಮಿಲಿಸೆಕೆಂಡ್. ಕೇಬಲ್ಲು ನೆಟ್ಟಗೆ ಹಾದಿರುವುದಿಲ್ಲವಾದ್ದರಿಂದ ನಿಜಕ್ಕೆ ಅದಕ್ಕೂ ಹೆಚ್ಚು. ಅದೇ ಸರ್ವರು ಮುಂಬೈಯಲ್ಲಿದ್ದರೆ ಬೆಳಕಿನ ಪಾಲಿನ ವಿಳಂಬ ಹತ್ತು ಮಿಲಿಸೆಕೆಂಡನ್ನೂ ಮುಟ್ಟುವುದಿಲ್ಲ. ಹಾಗಾಗಿ ತಾಣವನ್ನು ಎಲ್ಲಿ ಇಡುತ್ತಾರೆ ಎಂಬುದು ಅಂಗಡಿಯವರು ಕೇಳಲೇಬೇಕಾದ ಪ್ರಶ್ನೆ. ಕೇಳುವವರು ಕಡಿಮೆ.

ಪರಿಚಯದ ಸುತ್ತುಗಳು ಮುಗಿದ ಮೇಲೂ ಸರ್ವರು ಇಡೀ ಪುಟವನ್ನು ಒಮ್ಮೆಗೇ ಕಳಿಸುವುದಿಲ್ಲ. ಇದಕ್ಕೊಂದು ಚರಿತ್ರೆಯಿದೆ. 1986ರ ಅಕ್ಟೋಬರಿನಲ್ಲಿ ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯಕ್ಕೂ ಅದರ ಪಕ್ಕದಲ್ಲೇ ಇರುವ ವಿಶ್ವವಿದ್ಯಾಲಯಕ್ಕೂ ನಡುವಿನ ಜಾಲದ ವೇಗ ಸೆಕೆಂಡಿಗೆ 32 ಸಾವಿರ ಬಿಟ್‌ಗಳಿಂದ 40 ಬಿಟ್‌ಗಳಿಗೆ ಕುಸಿಯಿತು. ಎಲ್ಲ ಕಂಪ್ಯೂಟರುಗಳೂ ಒಟ್ಟಿಗೆ ನುಗ್ಗಿ ದಾರಿ ಕಟ್ಟಿಹೋಗಿತ್ತು. ಅದನ್ನು ಕೂಲಂಕಷವಾಗಿ ನೋಡಿದ ವ್ಯಾನ್ ಜೇಕಬ್ಸನ್ 1988ರಲ್ಲಿ ಸೂಚಿಸಿದ ಪರಿಹಾರ ‘ನಿಧಾನಾರಂಭ’. ಹೊಸ ಗಿರಾಕಿಗೆ ಮೊದಲು ಸ್ವಲ್ಪವೇ ಉದ್ರಿ ಕೊಟ್ಟು, ತೀರಿಸಿದಂತೆಲ್ಲ ಮಿತಿಯನ್ನು ಇಮ್ಮಡಿಸುವ ಕಿರಾಣಿ ಅಂಗಡಿಯ ಲೆಕ್ಕವೇ ಇದು. 2013ರಿಂದ ರೂಢಿಗೆ ಬಂದಿರುವ ಕ್ರಮದಲ್ಲಿ ಮೊದಲ ಕಂತಿಗೆ ಹತ್ತು ಪೊಟ್ಟಣ, ಒಂದೊಂದರಲ್ಲೂ ಸುಮಾರು 1,460 ಬೈಟ್, ಒಟ್ಟು ಹದಿನಾಲ್ಕು ಕಿಲೋಬೈಟ್ ಚಿಲ್ಲರೆ. ‘ತಲುಪಿತು’ ಎಂಬ ಉತ್ತರ ಬಂದರೆ ಮುಂದಿನ ಕಂತು 28, ಆಮೇಲೆ 56. ಹದಿನಾಲ್ಕರೊಳಗಿನ ಪುಟ ಒಂದೇ ಸುತ್ತಿನಲ್ಲಿ ಪೂರ್ತಿ ತಲುಪುತ್ತದೆ. ಎರಡು ಮೆಗಾಬೈಟಿನ ಪುಟಕ್ಕೆ, ದಾರಿಯಲ್ಲಿ ಒಂದು ಪೊಟ್ಟಣವೂ ಕಳೆಯದಿದ್ದರೂ, ಏಳೆಂಟು ಸುತ್ತು ಬೇಕು. ಇಂದು ಲೋಕದ ಮೊಬೈಲ್ ಪುಟಗಳನ್ನು ತೂಕದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ನಟ್ಟನಡುವೆ ಸಿಗುವ ಪುಟ ಆ ಎರಡು ಮೆಗಾಬೈಟನ್ನು ದಾಟಿದೆ.

4ಜಿ ಹೋಗಿ 5ಜಿ ಬಂದಿರುವಾಗ ಕಿಲೋಬೈಟ್ ಎಣಿಸುವುದು ಜಿಪುಣತನವಲ್ಲವೇ ಎಂದು ಕೇಳಬಹುದು. ಹೊಸ ತಂತ್ರಜ್ಞಾನ ಅಗಲಿಸುವುದು ಮುಖ್ಯವಾಗಿ ರಸ್ತೆಯನ್ನು. ಮೊಬೈಲಿನಿಂದ ಗೋಪುರದವರೆಗಿನ ವಿಳಂಬವನ್ನೂ ಒಂದಿಷ್ಟು ತಗ್ಗಿಸುತ್ತದೆ, ನಿಜ. ಆದರೆ ಸುತ್ತುಗಳ ಎಣಿಕೆಯನ್ನಾಗಲಿ ಬೆಳಕಿನ ವೇಗವನ್ನಾಗಲಿ ಅದು ಬದಲಿಸಲಾರದು. ಪರಿಚಯದ ಒಂದು ಸುತ್ತನ್ನು ಉಳಿಸುವ ಎಚ್‌ಟಿಟಿಪಿ-3 ಎಂಬ ಹೊಸ ಶಿಷ್ಟಾಚಾರ 2022ರಲ್ಲಿ ಬಂದಿದ್ದರೂ ಮೊದಲ ಕಂತಿನ ಮಿತಿ ಅದರಲ್ಲೂ ಹೆಚ್ಚುಕಡಿಮೆ ಅಷ್ಟೇ. ಓಡುವ ಕಾರಿನಲ್ಲಿ ಒಂದು ಗೋಪುರದಿಂದ ಇನ್ನೊಂದಕ್ಕೆ ಜಾರುವ ಮೊಬೈಲಿಗೆ, ದಪ್ಪ ಗೋಡೆಯ ಮನೆಯೊಳಗಿನ ಮೊಬೈಲಿಗೆ ಜಾಹೀರಾತಿನ ವೇಗ ಸಿಗುವುದೂ ಇಲ್ಲ. ಇದಕ್ಕೂ ದೊಡ್ಡ ಕಂಟಕ ಪುಟದ ಜೊತೆ ಬರುವ ಜಾವಾಸ್ಕ್ರಿಪ್ಟ್. ಚಿತ್ರ ತಡವಾದರೆ ಅದರ ಜಾಗ ಖಾಲಿ ಉಳಿಯುತ್ತದೆ, ಅಷ್ಟೆ. ಪ್ರೋಗ್ರಾಮು ಹಾಗಲ್ಲ, ಮೊಬೈಲು ಅದನ್ನು ಓದಿ, ಅರ್ಥಮಾಡಿಕೊಂಡು, ನಡೆಸಬೇಕು, ಅಲ್ಲಿಯವರೆಗೆ ಕೆಲವು ಪುಟಗಳಲ್ಲಿ ಒಂದಕ್ಷರವೂ ಮೂಡುವುದಿಲ್ಲ. ಅಗ್ಗದ ಮೊಬೈಲಿನ ಪ್ರೊಸೆಸರ್ ಈ ಕೆಲಸದಲ್ಲಿ ದುಬಾರಿ ಮೊಬೈಲಿಗಿಂತ ಹಲವು ಪಟ್ಟು ನಿಧಾನ. ತಾಣ ಕಟ್ಟಿಕೊಡುವವರು ಅದನ್ನು ತಮ್ಮ ಕಚೇರಿಯ ವೈಫೈಯಲ್ಲಿ, ಹೊಸ ಲ್ಯಾಪ್‌ಟಾಪಿನಲ್ಲಿ ತೋರಿಸುವುದರಿಂದ ಈ ವ್ಯತ್ಯಾಸ ಒಪ್ಪಿಸುವ ದಿನ ಕಾಣುವುದೇ ಇಲ್ಲ.

ಕನ್ನಡದಲ್ಲಿ ಬರೆದರೆ ಪುಟ ಭಾರವಾಗುತ್ತದೆ ಎಂಬ ತಕರಾರೂ ಇದೆ. ಜಾಲದಲ್ಲಿ ಬಳಕೆಯಲ್ಲಿರುವ ಯುಟಿಎಫ್-8 ಕ್ರಮದಲ್ಲಿ ಇಂಗ್ಲಿಷಿನ ಒಂದಕ್ಷರಕ್ಕೆ ಒಂದು ಬೈಟ್, ಕನ್ನಡದ ಪ್ರತಿ ಸಂಕೇತಕ್ಕೆ ಮೂರು. ‘ಕ್ಷ’ ಬರೆಯಲು ಕ, ಅರ್ಧಾಕ್ಷರದ ಗುರುತು, ಷ ಎಂದು ಮೂರು ಸಂಕೇತ ಬೇಕಾಗುವುದರಿಂದ ಒಟ್ಟು ಒಂಬತ್ತು ಬೈಟ್. ಕಾಗದದ ಮೇಲೆ ಇದು ಅನ್ಯಾಯದಂತೆಯೇ ಕಾಣುತ್ತದೆ. ಆದರೆ ಸರ್ವರು ಪುಟವನ್ನು ಕಳಿಸುವ ಮುನ್ನ ಒತ್ತಿ ಕುಗ್ಗಿಸುತ್ತದೆ, ಮತ್ತೆ ಮತ್ತೆ ಬರುವುದನ್ನು ಚುಟುಕಾಗಿಸುವುದೇ ಕುಗ್ಗಿಸುವ ವಿದ್ಯೆ. ಕನ್ನಡ ಸಂಕೇತಗಳ ಮೂರು ಬೈಟುಗಳಲ್ಲಿ ಮೊದಲನೆಯದು ಯಾವಾಗಲೂ ಒಂದೇ, ಎರಡನೆಯದಕ್ಕೆ ಎರಡೇ ಬೆಲೆಗಳು. ಇಷ್ಟು ಪುನರಾವರ್ತನೆ ಇರುವಲ್ಲಿ ಗಾತ್ರ ಸಾಮಾನ್ಯವಾಗಿ ಮೂರನೇ ಒಂದಕ್ಕಿಂತ ಕೆಳಗಿಳಿಯುತ್ತದೆ. ಈ ಲೇಖನದಷ್ಟು ಉದ್ದದ ಕನ್ನಡ ಬರಹ ಹದಿನಾಲ್ಕು ಕಿಲೋಬೈಟಿನೊಳಗೆ ಹಿಡಿಸುತ್ತದೆ, ಅಂಗಡಿಯ ಮುಖಪುಟಕ್ಕೆ ಇದರ ಅರ್ಧವೂ ಬೇಡ. ಅಲಂಕಾರಕ್ಕೆಂದು ಬೇರೆ ಫಾಂಟನ್ನು ಪುಟದ ಜೊತೆ ಕಳಿಸದಿದ್ದರಾಯಿತು. ಒತ್ತಕ್ಷರಗಳ ಆಕಾರಗಳೆಲ್ಲ ಸೇರುವುದರಿಂದ ಕನ್ನಡ ಫಾಂಟು ಗಾತ್ರದಲ್ಲಿ ದೊಡ್ಡದು, ಓದಲು ಚೆನ್ನಾಗಿರುವ ಕನ್ನಡ ಫಾಂಟು ಆಂಡ್ರಾಯ್ಡ್ ಮೊಬೈಲುಗಳಲ್ಲಿ ಹೇಗೂ ಇರುತ್ತದೆ. ಎಚ್ಚರ ಬೇಕಾದದ್ದು ಇನ್ನೊಂದು ಕಡೆ. ಕನ್ನಡ ಯುನಿಕೋಡ್‌ನಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಇದ್ದರೂ ಡಿಟಿಪಿ ಅಂಗಡಿಗಳಲ್ಲಿ ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಬೆರಳಚ್ಚು ಮಾಡಿದ ಕರಪತ್ರಗಳು ಇನ್ನೂ ಇವೆ. ಅವುಗಳಲ್ಲಿ ಕನ್ನಡದ ಆಕಾರಗಳು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕೂತಿರುತ್ತವೆ. ಹಾಗೆಯೇ ತಂದು ಪುಟಕ್ಕೆ ಅಂಟಿಸಿದರೆ ಗಿರಾಕಿಗೆ ಕಾಣುವುದು ಗೊಂದಲದ ಗುರುತುಗಳು, ಶೋಧಯಂತ್ರಕ್ಕೂ ಅಷ್ಟೇ. ಮೊದಲು ಯುನಿಕೋಡಿಗೆ ಬದಲಿಸಿಕೊಳ್ಳಬೇಕು.

ಅದೇ ಕರಪತ್ರವನ್ನು ಫೋಟೊ ಹಿಡಿದು ಪುಟಕ್ಕೆ ಏರಿಸುವವರು ಬಹಳ. ಬೆಲೆಪಟ್ಟಿ, ವಿಳಾಸ, ಫೋನ್ ಸಂಖ್ಯೆ ಎಲ್ಲ ಚಿತ್ರದೊಳಗೆ. ಚಿತ್ರದಲ್ಲಿರುವ ಸಂಖ್ಯೆಯನ್ನು ಒತ್ತಿ ಕರೆ ಮಾಡಲಾಗದು, ವಿಳಾಸವನ್ನು ನಕ್ಷೆಗೆ ನಕಲು ಮಾಡಲಾಗದು. ದೃಷ್ಟಿ ಇಲ್ಲದವರಿಗೆ ಪುಟ ಓದಿಹೇಳುವ ತಂತ್ರಾಂಶಕ್ಕೆ ಅದು ಬರೀ ಒಂದು ಚಿತ್ರ. ಚೆನ್ನೈಯಿಂದ ಹುಡುಕುವ ಗಿರಾಕಿಯ ಬ್ರೌಸರ್ ಅಕ್ಷರವನ್ನಾದರೆ ತಮಿಳಿಗೆ ಅನುವಾದಿಸಿಕೊಟ್ಟೀತು. ಶೋಧಯಂತ್ರಗಳು ಚಿತ್ರದೊಳಗಿನ ಬರಹವನ್ನು ಓದಲು ಕಲಿಯುತ್ತಿವೆ ಎಂಬುದು ಸರಿ, ಆ ಕಲಿಕೆಯ ಮೇಲೆ ಅಂಗಡಿಯ ದಿನದ ವ್ಯಾಪಾರವನ್ನು ನಿಲ್ಲಿಸುವುದು ಬೇಡ. ಜೊತೆಗೆ, ಫೋಟೊಗಳಿಗೆಂದೇ 1992ರಲ್ಲಿ ರೂಪುಗೊಂಡ ಜೆಪೆಗ್ ಕ್ರಮ ಕಣ್ಣು ಗಮನಿಸದ ಸೂಕ್ಷ್ಮ ವಿವರಗಳನ್ನು ಕಳಚಿ ಕಡತವನ್ನು ಸಣ್ಣದಾಗಿಸುತ್ತದೆ. ಅಕ್ಷರದ ಅಂಚುಗಳು ಅಂಥ ಸೂಕ್ಷ್ಮ ವಿವರವೇ ಆದ್ದರಿಂದ ಮಸುಕಾಗುವುದು ಮೊದಲು ಅವು.

ಬೊಂಬೆ ಕೊಳ್ಳುವವರು ಬೊಂಬೆಯನ್ನು ನೋಡಬೇಡವೇ ಎಂದರೆ, ನೋಡಲೇಬೇಕು. ಅರಗಿನ ಬಣ್ಣದ ಹೊಳಪನ್ನು ಯಾವ ವಾಕ್ಯವೂ ಹೇಳಲಾರದು. ಮೊಬೈಲ್ ಕ್ಯಾಮೆರಾದ 12 ಮೆಗಾಪಿಕ್ಸೆಲ್ ಚಿತ್ರದಲ್ಲಿ ಅಡ್ಡಕ್ಕೆ 4,000 ಚುಕ್ಕಿಗಳಿರುತ್ತವೆ, ಅದನ್ನು ನೋಡುವ ಪರದೆಯ ಅಗಲ ಸುಮಾರು 1,080. ಅಷ್ಟಕ್ಕೆ ಇಳಿಸಿದರೆ ಚುಕ್ಕಿಗಳ ಒಟ್ಟು ಸಂಖ್ಯೆ ಹದಿನಾಲ್ಕರಲ್ಲಿ ಒಂದು ಪಾಲಾಗುತ್ತದೆ, ಗಿರಾಕಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಉತ್ತರ ಮೊದಲ ಕಂತಿನಲ್ಲಿ ಬರಲಿ, ಚಿತ್ರಗಳು ಹಿಂದಿನಿಂದ, ಪುಟವನ್ನು ಕೆಳಗೆ ಸರಿಸಿದಂತೆ ಬರಲಿ. ಈ ವ್ಯವಸ್ಥೆ ಈಗಿನ ಬ್ರೌಸರುಗಳಲ್ಲೇ ಇದೆ, ಚಿತ್ರದ ಸಾಲಿಗೆ ಒಂದು ಪದ ಸೇರಿಸಿದರೆ ಸಾಕು.

ಹಾಗಾದರೆ ಬರೆಯಬೇಕಾದದ್ದು ಏನು? ‘ನಮ್ಮ ಧ್ಯೇಯ’, ‘ನಮ್ಮ ದೃಷ್ಟಿಕೋನ’ ಯಾವ ಗಿರಾಕಿಗೂ ಬೇಡ. ಯೋಜನೆ ಶುರುವಾಗಬೇಕಾದದ್ದು ಅಂಗಡಿಯ ಫೋನಿನಿಂದ. ಒಂದು ವಾರ ಬಂದ ಕರೆಗಳಲ್ಲಿ ಜನ ಕೇಳಿದ್ದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಗುರುತುಹಾಕಿಕೊಂಡರೆ ಪುಟದ ನಕ್ಷೆ ತಾನೇ ಸಿದ್ಧವಾಗುತ್ತದೆ. ಬೊಂಬೆ ಅಂಗಡಿಯಾದರೆ ಪ್ರಶ್ನೆಗಳನ್ನು ಊಹಿಸುವುದು ಕಷ್ಟವಲ್ಲ. ಭಾನುವಾರ ತೆರೆದಿರುತ್ತೀರಾ? ದಶಪಥದಿಂದ ಎಲ್ಲಿ ಇಳಿಯಬೇಕು, ಕಾರು ನಿಲ್ಲಿಸಲು ಜಾಗ ಇದೆಯೇ? ವರ್ಷದ ಮಗು ಬಾಯಿಗಿಟ್ಟುಕೊಂಡರೆ ಬಣ್ಣ ಬಿಡುತ್ತದೆಯೇ? ಇದು ಆಲೆಮರದ್ದೋ ಬೇರೆ ಮರದ್ದೋ? ನಾಮಕರಣಕ್ಕೆ ಬಂದವರಿಗೆ ಕೊಡಲು ಇನ್ನೂರು ಗಿಲಕಿ ಬೇಕು, ಎಷ್ಟು ದಿನ ಮೊದಲು ಹೇಳಬೇಕು? ಐಎಸ್‌ಐ ಗುರುತು ಏಕಿಲ್ಲ? ಈ ಕಡೆಯ ಪ್ರಶ್ನೆಗೆ ಉತ್ತರ ಬರೆದಿಡುವುದು ಮುಖ್ಯ. ಆಟಿಕೆಗಳಿಗೆ 2021ರ ಜನವರಿಯಿಂದ ಆ ಗುರುತು ಕಡ್ಡಾಯ, ನೋಂದಾಯಿತ ಕರಕುಶಲಿಗರು ತಾವೇ ತಯಾರಿಸಿ ಮಾರುವ ಆಟಿಕೆಗೆ ವಿನಾಯಿತಿ ಇದೆ. ತಮ್ಮ ಸರಕು ಎರಡರಲ್ಲಿ ಯಾವುದಕ್ಕೆ ಸೇರುತ್ತದೆಂದು ಹೇಳುವ ಎರಡು ಸಾಲು ಹತ್ತು ಹೊಳಪಿನ ಚಿತ್ರಗಳಿಗಿಂತ ಹೆಚ್ಚು ನಂಬಿಕೆ ಹುಟ್ಟಿಸುತ್ತದೆ. ಜನ ಹುಡುಕುವಾಗ ಬಳಸುವ ಮಾತುಗಳೂ ಇವೇ ಆಗಿರುವುದರಿಂದ, ಶೋಧಯಂತ್ರಕ್ಕೆಂದು ಬೇರೆ ಮಂತ್ರ ಹಾಕುವ ಅಗತ್ಯ ಬಹಳವಿಲ್ಲ.

ಎಲ್ಲಕ್ಕಿಂತ ಬಲವಾದ ಆಕ್ಷೇಪ ಬೇರೆ. ವಾಟ್ಸ್‌ಆ್ಯಪ್ ಇದೆ, ಇನ್‌ಸ್ಟಾಗ್ರಾಮ್ ಇದೆ, ಗೂಗಲ್ ನಕ್ಷೆಯಲ್ಲಿ ಅಂಗಡಿಯ ಗುರುತೂ ಇದೆ. ಇನ್ನು ತಾಣ ಏಕೆ? ಅವುಗಳನ್ನು ಬಿಡಬೇಕೆಂದು ಯಾರೂ ಹೇಳುತ್ತಿಲ್ಲ, ನಕ್ಷೆಯ ಗುರುತಂತೂ ಇರಲೇಬೇಕು. ಆದರೆ ಇನ್‌ಸ್ಟಾಗ್ರಾಮಿನಲ್ಲಿ ನಿನ್ನೆ ಕೊಟ್ಟ ಉತ್ತರ ನಾಳೆಯ ಪೋಸ್ಟುಗಳ ಕೆಳಗೆ ಹೂತುಹೋಗುತ್ತದೆ, ವಾಟ್ಸ್‌ಆ್ಯಪಿನಲ್ಲಿ ಒಬ್ಬರಿಗೆ ಕೊಟ್ಟ ಉತ್ತರ ಇನ್ನೊಬ್ಬರಿಗೆ ಸಿಗುವುದಿಲ್ಲ. 2021ರ ಅಕ್ಟೋಬರ್ 4ರಂದು ಒಂದೇ ಕಂಪನಿಯ ಈ ಎರಡೂ ಸೇವೆಗಳು, ಫೇಸ್‌ಬುಕ್ಕಿನ ಸಮೇತ, ಸುಮಾರು ಆರು ಗಂಟೆ ಲೋಕದಿಂದಲೇ ಮರೆಯಾಗಿದ್ದವು. ಅದಕ್ಕಿಂತ ಪಾಠವಾಗಬೇಕಾದದ್ದು 2024ರ ಮಾರ್ಚ್‌ನ ಘಟನೆ. ಸಣ್ಣ ವ್ಯಾಪಾರಿಗಳಿಗೆಂದು ಗೂಗಲ್ ಉಚಿತವಾಗಿ ಕಟ್ಟಿಕೊಡುತ್ತಿದ್ದ ತಾಣಗಳನ್ನು ಆ ತಿಂಗಳು ಅದೇ ನಿಲ್ಲಿಸಿತು. ಜೂನ್ 10ರವರೆಗೆ ಹಳೆಯ ವಿಳಾಸಕ್ಕೆ ಬಂದವರನ್ನು ಬೇರೆಡೆ ಕಳಿಸಿ, ಆಮೇಲೆ ಅದನ್ನೂ ಕೈಬಿಟ್ಟಿತು. ವಿಸಿಟಿಂಗ್ ಕಾರ್ಡಿನ ಮೇಲೆ, ಬೋರ್ಡಿನ ಮೇಲೆ ಆ ವಿಳಾಸ ಬರೆಸಿದ್ದವರು ಮಾಡುವುದೇನೂ ಉಳಿಯಲಿಲ್ಲ. ಸ್ವಂತ ಹೆಸರಿನ ಡೊಮೇನ್ ಇದ್ದಿದ್ದರೆ ಅದೇ ಕಡತಗಳನ್ನು ಬೇರೆ ಸರ್ವರಿಗೆ ಸಾಗಿಸಿ, ಹೆಸರನ್ನು ಅತ್ತ ತಿರುಗಿಸಬಹುದಿತ್ತು.

ಸಾಗಿಸುವುದು ಸುಲಭವಾಗಬೇಕಾದರೆ ತಾಣ ಬರೀ ಕಡತಗಳ ಗುಂಪಾಗಿರಬೇಕು. ಟಿಮ್ ಬರ್ನರ್ಸ್-ಲೀ 1991ರಲ್ಲಿ ಸರ್ನ್‌ನಿಂದ ಲೋಕಕ್ಕೆ ತೆರೆದಿಟ್ಟ ಮೊದಲ ತಾಣ ಹಾಗೆಯೇ ಇತ್ತು, ಅದರ ಪುಟಗಳು ಇಂದಿನ ಬ್ರೌಸರಿನಲ್ಲೂ ತೆರೆದುಕೊಳ್ಳುತ್ತವೆ. ವರ್ಡ್‌ಪ್ರೆಸ್‌ನಂಥ ವ್ಯವಸ್ಥೆ ಪ್ರತಿ ಸಲ ದತ್ತಾಂಶ ಕೋಶದಿಂದ ಪುಟವನ್ನು ಹೆಣೆದುಕೊಡುವಂಥದ್ದು. ದಿನವೂ ಬದಲಾಗುವ ಸುದ್ದಿತಾಣಕ್ಕೆ ಅದು ತಕ್ಕದ್ದು, ವರ್ಷಕ್ಕೆ ನಾಲ್ಕು ಸಲ ಬೆಲೆ ಬದಲಾಗುವ ಅಂಗಡಿಗೆ ಅದರ ಪ್ಲಗಿನ್ನುಗಳನ್ನು ತಿಂಗಳು ತಿಂಗಳೂ ನವೀಕರಿಸುತ್ತ, ಕನ್ನ ಕೊರೆಯುವವರನ್ನು ಕಾಯುತ್ತ ಕೂರುವ ಗೋಜು ಏಕೆ? ತಾಣದಲ್ಲೇ ಹಣ ಪಡೆದು ಮಾರುವುದನ್ನೂ ಮೊದಲ ದಿನವೇ ಹಚ್ಚಿಕೊಳ್ಳಬಾರದು. ಹಾಗೆ ಮಾರಿದರೆ 2020ರ ಇ-ವಾಣಿಜ್ಯ ನಿಯಮಗಳ ಪ್ರಕಾರ ದೂರು ಕೇಳುವ ಅಧಿಕಾರಿಯ ಹೆಸರಿನಿಂದ ಹಿಡಿದು ವಾಪಸಾತಿಯ ಕ್ರಮದವರೆಗೆ ಎಲ್ಲವನ್ನೂ ಪ್ರಕಟಿಸಬೇಕು, ಗಿರಾಕಿಗಳ ವಿವರ ಕೂಡಿಟ್ಟರೆ 2023ರ ದತ್ತಾಂಶ ಸಂರಕ್ಷಣಾ ಕಾಯ್ದೆಯ ಹೊಣೆಯೂ ಬರುತ್ತದೆ. ಒತ್ತಿದರೆ ಕರೆ ಹೋಗುವ ಒಂದು ಸಂಖ್ಯೆ ಸದ್ಯಕ್ಕೆ ಸಾಕು.

ಇಷ್ಟನ್ನು ಕಂಪ್ಯೂಟರ್ ಕಲಿತ ಊರಿನ ಹುಡುಗಿಯೋ ಹುಡುಗನೋ ಕೆಲವೇ ದಿನಗಳಲ್ಲಿ ಕಟ್ಟಿಕೊಡಬಲ್ಲರು. ಇಂಥ ಕಡತಗಳನ್ನು ಉಚಿತವಾಗಿ ಇರಿಸಿಕೊಳ್ಳುವ ಸರ್ವರುಗಳಿವೆ, 2015ರ ಕೊನೆಯಿಂದ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ ಸುರಕ್ಷತೆಯ ಪ್ರಮಾಣಪತ್ರವನ್ನೂ ಉಚಿತವಾಗಿ ಕೊಡುತ್ತಿದೆ. ವರ್ಷವರ್ಷವೂ ತಪ್ಪದ ಖರ್ಚು ಡೊಮೇನಿನದು. ಮೊದಲ ವರ್ಷದ ರಿಯಾಯಿತಿ ದರ ನೋಡಿ ಮರುಳಾಗದೆ ನವೀಕರಣದ ದರ ಎಷ್ಟೆಂದು ಕೇಳಿ. ಯಾರಿಗಾದರೂ ಹಣ ಕೊಟ್ಟು ಮಾಡಿಸುವುದಾದರೆ ಮುಂಗಡ ಕೊಡುವ ಮೊದಲೇ ಡೊಮೇನ್ ನಿಮ್ಮ ಹೆಸರಿನಲ್ಲಿ, ನಿಮ್ಮ ಇಮೇಲ್ ಮತ್ತು ಮೊಬೈಲ್ ಸಂಖ್ಯೆಯಲ್ಲಿ ನೋಂದಣಿಯಾಗಬೇಕೆಂದು, ಎಲ್ಲ ಕಡತಗಳ ಪ್ರತಿ ನಿಮ್ಮ ಪೆನ್‌ಡ್ರೈವಿಗೆ ಬರಬೇಕೆಂದು ಬರೆಸಿಕೊಳ್ಳಿ. ಬಾಕಿ ಹಣ ಕೊಡುವ ದಿನ ವೈಫೈ ಆರಿಸಿ, ಮನೆಯಲ್ಲಿರುವ ಅತಿ ಹಳೆಯ ಮೊಬೈಲಿನಲ್ಲಿ ತಾಣವನ್ನು ನೀವೇ ತೆರೆದು ನೋಡಿ. ಫೋನ್ ಸಂಖ್ಯೆ ಕಣ್ಣಿಗೆ ಬೀಳಲು ಕಾಯಬೇಕಾಗಿ ಬಂದರೆ ಬಾಕಿ ನಿಮ್ಮ ಬಳಿಯೇ ಇರಲಿ.