ಎಣಿಕೆಗೆ ಬಾರದ ಅಣ್ಣ

ಹೊರಗಿನ ಶತ್ರು ಕೋಟೆಯ ಬಾಗಿಲನ್ನು ಒಡೆಯಬೇಕಾಗುತ್ತದೆ. ಒಳಗಿನವನಾದರೋ ಅಗುಳಿಯನ್ನು ಸರಿಸಿದರೆ ಸಾಕು. ಪಾತಕಿಗಳ ಮನೆತನವನ್ನು ಕುರಿತ ಕಥೆಗಳಲ್ಲಿ ಒಡಹುಟ್ಟಿದವನ ದ್ರೋಹಕ್ಕೆ ಅಷ್ಟೊಂದು ಪ್ರಾಮುಖ್ಯವಿರುವುದು ಇದರಿಂದಲೇ. ಆದರೆ ಆ ಕೈ ಅಗುಳಿಯತ್ತ ಚಾಚಿದುದೇಕೆ ಎಂಬ ಪ್ರಶ್ನೆಗೆ ಹಣದಾಸೆ, ಹೊಟ್ಟೆಕಿಚ್ಚು ಎಂಬ ಸಿದ್ಧ ಉತ್ತರಗಳು ಸಾಲವು. ಫ್ರೆಡೊ ಕಾರ್ಲಿಯೋನೆಯ ಪಾತ್ರವೇ ಇದಕ್ಕೆ ಸಾಕ್ಷಿ.

ಮಾರಿಯೊ ಪೂಜೊ ಅವರ ‘ದಿ ಗಾಡ್‌ಫಾದರ್’ ಕಾದಂಬರಿ ಪ್ರಕಟವಾದುದು 1969ರಲ್ಲಿ. ನ್ಯೂಯಾರ್ಕ್ ನಗರದಲ್ಲಿ ನೆಲೆಸಿದ ಸಿಸಿಲಿ ಮೂಲದ ಪಾತಕಿ ಮನೆತನವೊಂದರ ಕಥೆ ಅದು. ಫ್ರಾನ್ಸಿಸ್ ಫೋರ್ಡ್ ಕೊಪ್ಪೊಲ ಅದನ್ನು 1972ರಲ್ಲಿ ಚಲನಚಿತ್ರವಾಗಿಸಿದರು. ಎರಡನೆಯ ಭಾಗ 1974ರಲ್ಲಿ ತೆರೆಕಂಡಿತು. ಯಜಮಾನ ವೀಟೊನಿಗೆ ಮೂವರು ಗಂಡುಮಕ್ಕಳು: ಮುಂಗೋಪಿ ಸನ್ನಿ, ಮೆದು ಮನಸ್ಸಿನ ಫ್ರೆಡೊ, ಸೂಕ್ಷ್ಮಮತಿ ಮೈಕೇಲ್. ಫ್ರೆಡೊನ ದ್ರೋಹ ಮೂಲ ಕಾದಂಬರಿಯಲ್ಲಿಲ್ಲ. ಅದು ಎರಡನೆಯ ಚಿತ್ರಕ್ಕಾಗಿ ಹೊಸದಾಗಿ ಹೆಣೆದ ಕಥೆ. ಆದರೆ ಅದರ ಬೀಜಗಳು ಮೊದಲಿನಿಂದಲೂ ಮಣ್ಣಿನಲ್ಲಿದ್ದುವು.

ಹಣ್ಣಿನಂಗಡಿಯ ಮುಂದೆ ತಂದೆಗೆ ಗುಂಡೇಟು ಬಿದ್ದಾಗ ಜೊತೆಗಿದ್ದವನು ಫ್ರೆಡೊ. ಪಿಸ್ತೂಲು ಅವನ ಕೈಜಾರಿತು. ರಸ್ತೆಯಂಚಿನಲ್ಲಿ ಕುಳಿತು ಅವನು ಮಗುವಿನಂತೆ ಅತ್ತನು. ಬಳಿಕ ಅವನನ್ನು ದೂರದ ಲಾಸ್ ವೇಗಾಸಿಗೆ ಕಳುಹಿಸಿದರು. ಸನ್ನಿ ಕೊಲೆಯಾದ ಮೇಲೆ ಉಳಿದ ಗಂಡುಮಕ್ಕಳಲ್ಲಿ ಹಿರಿಯನು ಅವನೇ. ಆದರೂ ಯಜಮಾನಿಕೆ ಅವನನ್ನು ದಾಟಿ ತಮ್ಮನ ಕೈಸೇರಿತು. ಯಾರೂ ಅವನನ್ನು ಹೀಯಾಳಿಸಲಿಲ್ಲ. ಹೊಣೆಯಿಲ್ಲದ ಚಿಲ್ಲರೆ ಕೆಲಸಗಳನ್ನು ಕೊಟ್ಟು ಸಾಕಿದರು. ಹಗೆಯನ್ನಾದರೂ ಎದುರಿಸಬಹುದು; ಕನಿಕರವನ್ನು ಎದುರಿಸುವ ಬಗೆ ಹೇಗೆ?

ತಮ್ಮನೊಂದಿಗೆ ಹವಾನಾ ನಗರದಲ್ಲಿ ಕುಳಿತು ಮಾತಾಡುವಾಗ ಫ್ರೆಡೊ ಬಾಲ್ಯದ ನೆನಪೊಂದನ್ನು ಹೊರಗೆಡಹುತ್ತಾನೆ. ಅವನು ತನ್ನ ಮಗನಲ್ಲವೆಂದೂ ಅಲೆಮಾರಿಗಳು ಹೊಸ್ತಿಲಲ್ಲಿ ಬಿಟ್ಟುಹೋದ ಕೂಸೆಂದೂ ತಾಯಿ ತಮಾಷೆ ಮಾಡುತ್ತಿದ್ದಳಂತೆ. ಅದು ನಿಜವೇ ಇರಬಹುದೆಂದು ಅವನಿಗೆ ಒಮ್ಮೊಮ್ಮೆ ತೋರುವುದುಂಟು. ಆಡಿದವರು ಮರೆತ ಮಾತನ್ನು ಕೇಳಿದ ಮಗು ಮರೆಯದು.

ಇಂಥವನ ಬಳಿಗೆ ಮೈಕೇಲನ ಎದುರಾಳಿ ಹೈಮನ್ ರಾತ್‌ನ ಕಡೆಯವರು ಬಂದರು. ವ್ಯವಹಾರ ಬೇಗ ಮುಗಿಯಲು ನೆರವಾದರೆ ಮನೆತನಕ್ಕೂ ಒಳಿತು, ಫ್ರೆಡೊನಿಗೂ ಅವನದೇ ಆದ ಪಾಲು ದೊರೆಯುವುದೆಂದು ನಂಬಿಸಿದರು. ತಮ್ಮನ ಶಯನಗೃಹದ ಮೇಲೆ ಗುಂಡಿನ ಮಳೆಯಾಗುವುದೆಂದು ತನಗೆ ತಿಳಿದಿರಲಿಲ್ಲವೆಂದು ಅವನು ಆಣೆಯಿಟ್ಟು ಹೇಳುತ್ತಾನೆ. ಆರಾಮಕುರ್ಚಿಯಲ್ಲಿ ಕುಸಿದು ಬಿದ್ದಂತೆ ಒರಗಿರುವ ಅವನು, ತಾನು ಅಣ್ಣ, ತನ್ನನ್ನು ದಾಟಿ ಹೋದಿರಿ, ತನಗೂ ಬುದ್ಧಿಯಿದೆ, ತನಗೂ ಗೌರವ ಬೇಕು ಎಂದು ಚೀರುತ್ತಾನೆ. ಅವನ ದೂರಿನಲ್ಲಿ ಮೊದಲು ಬರುವುದು ಹಣವಲ್ಲ, ಹಿರಿತನ.

ಒಡಹುಟ್ಟಿದವನನ್ನು ತೊರೆದವರಲ್ಲಿ ನಮ್ಮ ನೆನಪಿಗೆ ಮೊದಲು ಬರುವವನು ವಿಭೀಷಣ. ಆದರೆ ಅವನು ಹಿತವಚನ ಹೇಳಿ, ಅದು ತಿರಸ್ಕೃತವಾದ ಮೇಲೆ ಬಹಿರಂಗವಾಗಿಯೇ ಹೊರಟವನು. ಅವನ ಪಕ್ಕದಲ್ಲಿ ಧರ್ಮವಿತ್ತು. ಫ್ರೆಡೊನಿಗೆ ಹೇಳಿಕೊಳ್ಳಲು ಅಂಥ ಧರ್ಮವಿಲ್ಲ. ಅವನದು ಲೆಕ್ಕಕ್ಕೆ ಬರಬೇಕೆಂಬ ಸಣ್ಣ ಆಸೆ. ಅದು ಮನೆಯೊಳಗೆ ತೀರದೆ ಹೊರಗೆ ದಾರಿ ಹುಡುಕಿತು. ಈ ವಿವರಣೆ ಅಪರಾಧವನ್ನು ತೊಳೆಯದು. ಹೆಂಡತಿ ಮಕ್ಕಳಿದ್ದ ಮನೆಯ ಮೇಲೆ ಗುಂಡು ಹಾರಿದುದು ಅವನ ನೆರವಿನಿಂದಲೇ.

ಮೈಕೇಲ್ ಈ ನೋವನ್ನು ಕೇಳಿಯೂ ತೂಗಲಿಲ್ಲ. ತಾಯಿ ಬದುಕಿರುವವರೆಗೆ ಕಾದು, ಆಕೆಯ ಶವದ ಮುಂದೆ ಅಣ್ಣನನ್ನು ತಬ್ಬಿಕೊಂಡು, ಅನಂತರ ಸರೋವರದ ನಡುವೆ ದೋಣಿಯಲ್ಲಿ ಮೀನಿಗಾಗಿ ಗಾಳ ಹಾಕಿ ಪ್ರಾರ್ಥನೆ ಹೇಳುತ್ತಿದ್ದವನನ್ನು ಕೊಲ್ಲಿಸಿದನು. 1990ರ ಮೂರನೆಯ ಭಾಗದಲ್ಲಿ ಪಾದ್ರಿಯೊಬ್ಬನ ಮುಂದೆ ಈ ಹತ್ಯೆಯನ್ನು ನುಡಿಯುವಾಗ ಅವನೂ ಬಿಕ್ಕಿ ಅಳಬೇಕಾಯಿತು.

ಎರಡನೆಯ ಚಿತ್ರದ ಕೊನೆಯಲ್ಲಿ 1941ರ ಒಂದು ಸಂಜೆಯ ನೆನಪು ಸುಳಿಯುತ್ತದೆ. ತಂದೆಯ ಹುಟ್ಟುಹಬ್ಬ, ಮನೆಮಂದಿಯೆಲ್ಲ ಊಟದ ಮೇಜಿನ ಸುತ್ತ ಸೇರಿದ್ದಾರೆ. ತಾನು ಸೈನ್ಯಕ್ಕೆ ಸೇರಿದುದನ್ನು ಮೈಕೇಲ್ ತಿಳಿಸಿದಾಗ ಸನ್ನಿ ಕೆರಳುತ್ತಾನೆ. ಕೈನೀಡಿ ತಮ್ಮನನ್ನು ಅಭಿನಂದಿಸಿದವನು ಫ್ರೆಡೊ ಒಬ್ಬನೇ. ಮೇಜಿನ ಸುತ್ತಲಿದ್ದ ಯಾರೂ ಆ ಕೈಯನ್ನು ಎಣಿಕೆಗೆ ತಂದುಕೊಳ್ಳಲಿಲ್ಲ.