ಶುಗರ್ ದಿಢೀರ್ ಲೋ ಆದ್ರೆ ಏನು ಮಾಡಬೇಕು? ಮನೆಯವರೆಲ್ಲ ತಿಳಿದಿರಬೇಕಾದ ವಿಷಯ

ಸಕ್ಕರೆ ಕಾಯಿಲೆ ಅಂದ್ರೆ ಶುಗರ್ ಜಾಸ್ತಿ ಆಗೋದು ಅಷ್ಟೇ ಅಂತ ಬಹಳ ಜನ ತಿಳಿದಿದ್ದಾರೆ. ಆದರೆ ಶುಗರ್ ತೀರಾ ಕಡಿಮೆಯಾದರೆ ಅಪಾಯ ಇನ್ನೂ ಬೇಗ ಬರುತ್ತದೆ. ಸ್ವಲ್ಪ ಹೊತ್ತಿನಲ್ಲೇ ಪ್ರಜ್ಞೆ ತಪ್ಪಬಹುದು, ಜೀವಕ್ಕೂ ಕುತ್ತು ಬರಬಹುದು.

ಗ್ಲುಕೋಮೀಟರ್‌ನಲ್ಲಿ 70ಕ್ಕಿಂತ ಕಡಿಮೆ ತೋರಿಸಿದರೆ ಅದು ಲೋ ಶುಗರ್. 54ಕ್ಕಿಂತ ಕೆಳಗಿಳಿದರೆ ಗಂಭೀರ.

ಯಾರಿಗೆ ಹೆಚ್ಚು?

ಇನ್ಸುಲಿನ್ ತಗೊಳ್ಳುವವರಿಗೆ, ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್‌ನಂಥ ಮಾತ್ರೆ ನುಂಗುವವರಿಗೆ ಈ ತೊಂದರೆ ಹೆಚ್ಚು. ಬರೀ ಮೆಟ್‌ಫಾರ್ಮಿನ್ ತಗೊಳ್ಳುವವರಲ್ಲಿ ಅಪರೂಪ. ಬೆಳಗ್ಗೆ ಮಾತ್ರೆ ನುಂಗಿ, ಮದುವೆ ಮನೆಯಲ್ಲಿ ಊಟ ತಡವಾದಾಗ, ಏಕಾದಶಿ ಉಪವಾಸವಿದ್ದಾಗ, ತಿಂಡಿ ಬಿಟ್ಟು ಹೊಲದಲ್ಲಿ ದುಡಿದಾಗ, ಖಾಲಿ ಹೊಟ್ಟೆಯಲ್ಲಿ ಮದ್ಯ ಕುಡಿದಾಗ ಶುಗರ್ ಇಳಿಯುತ್ತದೆ.

ಗುರುತಿಸೋದು ಹೇಗೆ?

ಕೈ ನಡುಕ, ತಣ್ಣನೆ ಬೆವರು, ಎದೆ ಡವಡವ, ವಿಪರೀತ ಹಸಿವು, ಕಣ್ಣು ಮಂಜಾಗುವುದು ಮೊದಲ ಲಕ್ಷಣ. ಆಮೇಲೆ ಮಾತು ತೊದಲುತ್ತದೆ, ನಡೆ ತೂರಾಡುತ್ತದೆ, ಸುಮ್ಮಸುಮ್ಮನೆ ಸಿಟ್ಟು ಬರುತ್ತದೆ. ನೋಡಿದವರು ಕುಡಿದಿದ್ದಾರೆ ಅಂದುಕೊಂಡು ದೂರ ಸರಿಯೋದೂ ಉಂಟು. ಬಹಳ ವರ್ಷಗಳಿಂದ ಶುಗರ್ ಇರುವವರಿಗೆ, ಕೆಲವು ಬಿಪಿ ಮಾತ್ರೆ ತಗೊಳ್ಳುವವರಿಗೆ ಮೊದಲ ಲಕ್ಷಣಗಳು ಗೊತ್ತಾಗದೇ ಇರಬಹುದು.

ತಕ್ಷಣ ಏನು ಮಾಡಬೇಕು?

ಎಚ್ಚರವಿದ್ದು ನುಂಗಲು ಆಗುತ್ತಿದ್ದರೆ 3 ಟೀ ಚಮಚ ಸಕ್ಕರೆ ಅಥವಾ ಗ್ಲೂಕೋಸ್ ಪುಡಿಯನ್ನು ನೀರಿನಲ್ಲಿ ಕಲಸಿ ಕುಡಿಸಿ. ಅರ್ಧ ಲೋಟ ಹಣ್ಣಿನ ರಸವಾದರೂ ಆದೀತು. ಮೀಟರ್ ಹುಡುಕುತ್ತಾ ಹೊತ್ತು ಕಳೆಯಬೇಡಿ. 15 ನಿಮಿಷ ಬಿಟ್ಟು ಪರೀಕ್ಷಿಸಿ. ಇನ್ನೂ 70 ದಾಟದಿದ್ದರೆ ಮತ್ತೆ ಅಷ್ಟೇ ಕೊಡಿ. ಸುಧಾರಿಸಿದ ಮೇಲೆ ಊಟ ಅಥವಾ ತಿಂಡಿ ಮಾಡಿಸಿ. ಚಾಕೊಲೇಟ್, ಬಿಸ್ಕತ್ತು ಬೇಡ, ಅವುಗಳಲ್ಲಿನ ಕೊಬ್ಬಿನಿಂದ ಶುಗರ್ ನಿಧಾನವಾಗಿ ಏರುತ್ತದೆ. ವೋಗ್ಲಿಬೋಸ್, ಅಕಾರ್ಬೋಸ್ ಮಾತ್ರೆ ತಗೊಳ್ಳುವವರಿಗೆ ಸಕ್ಕರೆ ಬೇಗ ಕೆಲಸ ಮಾಡಲ್ಲ, ಗ್ಲೂಕೋಸೇ ಬೇಕು.

ಪ್ರಜ್ಞೆ ತಪ್ಪಿದ್ದರೆ

ಬಾಯಿಗೆ ನೀರು, ಸಕ್ಕರೆ ಏನನ್ನೂ ಹಾಕಬೇಡಿ. ಅದು ಶ್ವಾಸನಾಳಕ್ಕೆ ಹೋಗಿ ಉಸಿರು ಕಟ್ಟಬಹುದು. ಪಕ್ಕಕ್ಕೆ ಮಲಗಿಸಿ 108ಕ್ಕೆ ಕರೆ ಮಾಡಿ. ಶುಗರ್ ಇರುವ ವಿಷಯ, ತಗೊಳ್ಳುವ ಮಾತ್ರೆ ಯಾವುದು ಅಂತ ತಿಳಿಸಿ.

ಗ್ಲಿಮೆಪಿರೈಡ್‌ನಂಥ ಮಾತ್ರೆಗಳ ಪ್ರಭಾವ ಬಹಳ ಹೊತ್ತು ಇರುವುದರಿಂದ, ಸುಧಾರಿಸಿದವರಿಗೂ ಶುಗರ್ ಮತ್ತೆ ಇಳಿಯಬಹುದು. ವಯಸ್ಸಾದವರಲ್ಲಿ, ಕಿಡ್ನಿ ತೊಂದರೆ ಇರುವವರಲ್ಲಿ ಇದು ಹೆಚ್ಚು. ಹಾಗಾಗಿ ‘ಈಗ ಸರಿಹೋಯ್ತಲ್ಲ’ ಅಂತ ಮಲಗಿಸಿಬಿಡದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಜೇಬಿನಲ್ಲಿ ಸದಾ ಒಂದು ಗ್ಲೂಕೋಸ್ ಪೊಟ್ಟಣ ಇರಲಿ. ಉಪವಾಸ ಮಾಡುವ ಮುಂಚೆ ಮಾತ್ರೆ, ಇನ್ಸುಲಿನ್ ಎಷ್ಟು ತಗೊಳ್ಳಬೇಕು ಅಂತ ವೈದ್ಯರನ್ನು ಕೇಳಿ. ಪದೇ ಪದೇ ಲೋ ಆಗುತ್ತಿದ್ದರೆ ಡೋಸ್ ಬದಲಿಸಬೇಕಾಗಬಹುದು, ಅದನ್ನು ವೈದ್ಯರೇ ನಿರ್ಧರಿಸಲಿ.