ಆಕಾರ ಮತ್ತು ಮುರಿತ

ಬಂಟ್ವಾಳದಿಂದ ಬೆಳ್ತಂಗಡಿಗೆ ಹೋಗುವ ಹಾದಿಯಲ್ಲಿ ಪುಂಜಾಲಕಟ್ಟೆ ಎಂಬ ಊರಿದೆ. ಅಲ್ಲಿಯೇ ಆಗಲಿ, ನಿಮ್ಮೂರಿನಲ್ಲಿಯೇ ಆಗಲಿ, ಬಟ್ಟೆಯ ವ್ಯಾಪಾರಿಯು ಅರಿವೆಯ ಅಂಚಿಗೆ ಕತ್ತರಿಯಿಂದ ಕಿರುಗಚ್ಚು ಹಾಕಿ, ಎಳೆದು ಹರಿಯುವುದನ್ನು ನೀವು ಕಂಡಿರಬಹುದು. ಕಚ್ಚಿಲ್ಲದಿದ್ದರೆ ಅದೇ ಅರಿವೆ ಸುಲಭವಾಗಿ ಹರಿಯದು. ನಿಮ್ಮ ಪ್ಲಾಸ್ಟಿಕ್ ಅಳತೆಪಟ್ಟಿಯೂ ಅಂಚಿನಲ್ಲಿ ಗೀರು ಬಿದ್ದೆಡೆಯಲ್ಲಿಯೇ ತಟ್ಟನೆ ಮುರಿಯುತ್ತದೆ.

ಹೆಚ್ಚು ಹಿಗ್ಗದೆ ಒಮ್ಮೆಲೇ ಮುರಿಯುವ ವಸ್ತುಗಳಿಗೆ ಭಿದುರ ವಸ್ತುಗಳೆಂದು ಹೆಸರು. ಗಾಜು, ಪಾಲಿಸ್ಟೈರೀನ್, ಅಕ್ರಿಲಿಕ್ ಈ ಬಗೆಯವು. ಹೊಳೆಯ ನೀರು ಸೇತುವೆಯ ಕಂಬದ ಪಕ್ಕದಲ್ಲಿ ಒತ್ತಾಗಿ ಹರಿಯುವಂತೆ, ವಸ್ತುವಿನೊಳಗಿನ ಪೀಡನವು ರಂಧ್ರ ಹಾಗೂ ಕಚ್ಚುಗಳ ಬಳಿ ಒತ್ತಾಗುತ್ತದೆ. ಅಗಲವಾದ ತಗಡಿನಲ್ಲಿ ಚಿಕ್ಕದೊಂದು ದುಂಡು ರಂಧ್ರವಿದ್ದರೆ ಅದರ ಅಂಚಿನಲ್ಲಿ ಪೀಡನವು ಸುಮಾರು 3 ಪಟ್ಟಾಗುವುದೆಂದೂ, ತುದಿ ಚೂಪಾದಷ್ಟೂ ಇನ್ನೂ ಏರುವುದೆಂದೂ 1913ರಲ್ಲಿ ಇಂಗ್ಲಿಸ್ ತೋರಿಸಿದನು. ಗಾಜಿನ ದೌರ್ಬಲ್ಯಕ್ಕೆ ಅದರೊಳಗಿನ ಸೂಕ್ಷ್ಮ ಬಿರುಕುಗಳೇ ಕಾರಣವೆಂದು 1921ರಲ್ಲಿ ಗ್ರಿಫಿತ್ ವಿವರಿಸಿದನು.

ಆದುದರಿಂದ ಪರೀಕ್ಷೆಗೆ ಒಡ್ಡುವ ತುಂಡಿನ ಆಕಾರವು ಬಹು ಮುಖ್ಯ. ಎಳೆದು ನೋಡುವ ತುಂಡನ್ನು ಡಮರುವಿನಂತೆ ನಡು ಕಿರಿದಾಗಿ, ಬದಿಗಳು ನಯವಾಗಿ ಬಾಗುವಂತೆ ಮಾಡುತ್ತಾರೆ. ಹಾಗಲ್ಲದಿದ್ದರೆ ತುಂಡು ಯಂತ್ರದ ಹಿಡಿತದ ಬಳಿಯೇ ಮುರಿದು, ವಸ್ತುವಿನ ಬಲದ ಬದಲು ಹಿಡಿತದ ದೋಷವನ್ನು ತಿಳಿಸುತ್ತದೆ. ಹೊಡೆದು ನೋಡುವ ಪರೀಕ್ಷೆಯಲ್ಲಿ 45 ಡಿಗ್ರಿಯ ಕಚ್ಚು ಹಾಕುವುದುಂಟು. ಅದರ ತುದಿಯ ತ್ರಿಜ್ಯ ಸಾಮಾನ್ಯವಾಗಿ 0.25 ಮಿಲಿಮೀಟರ್. ತುದಿ ಮೊಂಡಾದರೆ ಅದೇ ವಸ್ತು ಹೆಚ್ಚು ಗಟ್ಟಿಯೆಂದು ತೋರುತ್ತದೆ!

ದಪ್ಪವೂ ಲೆಕ್ಕಕ್ಕೆ ಬರುತ್ತದೆ. ಕಚ್ಚು ಹಾಕಿದ ಪಾಲಿಕಾರ್ಬೊನೇಟಿನ ಸುಮಾರು 3 ಮಿಲಿಮೀಟರ್ ದಪ್ಪದ ತುಂಡು ಪೆಟ್ಟನ್ನು ಚೆನ್ನಾಗಿ ತಾಳುತ್ತದೆ. 6 ಮಿಲಿಮೀಟರಿನದು ಗಾಜಿನಂತೆ ಮುರಿಯಬಹುದು. ದಪ್ಪನೆಯ ತುಂಡಿನ ಒಡಲು ಪಕ್ಕಕ್ಕೆ ಕುಗ್ಗಲಾರದು. ಅದು ಮಣಿಯುವ ಮೊದಲೇ ಬಿರುಕು ಓಡುತ್ತದೆ. ದಪ್ಪವಾದುದೆಲ್ಲ ಭದ್ರವೆಂಬ ನಂಬಿಕೆ ಇಲ್ಲಿ ಸಲ್ಲದು.

ಲೋಹಕ್ಕೂ ಆಕಾರದ ಈ ನಿಯಮ ತಪ್ಪಿದ್ದಲ್ಲ. 1954ರಲ್ಲಿ ಎರಡು ಕಾಮೆಟ್ ವಿಮಾನಗಳು ಆಕಾಶದಲ್ಲಿಯೇ ಒಡೆದು 56 ಜನರು ಮಡಿದರು. ಕಿಟಕಿಯಂತಹ ತೆರಪುಗಳ ಮೂಲೆಗಳಲ್ಲಿ ಒತ್ತಾದ ಪೀಡನದಿಂದ ಅವುಗಳ ಒಡಲಿನಲ್ಲಿ ಬಿರುಕು ಬೆಳೆದಿತ್ತು. 1959ರಲ್ಲಿ ಸ್ಥಾಪನೆಯಾಗಿ ಬೆಂಗಳೂರಿನಲ್ಲಿ ನೆಲೆಸಿದ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯವು ವಿಮಾನದ ಭಾಗಗಳನ್ನು ಮತ್ತೆ ಮತ್ತೆ ಭಾರಕ್ಕೊಡ್ಡಿ ಪರೀಕ್ಷಿಸುತ್ತ ಬಂದಿರುವುದು ಇಂತಹ ಅನಾಹುತಗಳನ್ನು ತಡೆಯಲೆಂದೇ.

ವಸ್ತುವೊಂದರ ಬಲವನ್ನು ಹೇಳುವ ಸಂಖ್ಯೆಯನ್ನು ಕಂಡಾಗ, ತುಂಡಿನ ಆಕಾರ ಯಾವುದು, ದಪ್ಪವೆಷ್ಟು, ಕಚ್ಚು ಎಂತಹುದು ಎಂದು ಕೇಳಬೇಕು. ಅದನ್ನು ತಿಳಿಸದ ಸಂಖ್ಯೆ ಅರ್ಧಸತ್ಯ. ಅರ್ಧಸತ್ಯವನ್ನು ನಂಬಿ ಕಟ್ಟಿದುದು ಎಂದಾದರೊಂದು ದಿನ ಮುರಿಯುತ್ತದೆ.